ಪಾಳುಬಿದ್ದ ಹವಳದ ಅಕ್ವೇರಿಯಂ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಮಸ್ಕಾರ ಸರ್. ಕಾರವಾರದಲ್ಲಿ ನಾವು ಹೊಸದಾಗಿ ಗುತ್ತಿಗೆಗೆ ಪಡೆದ ಲಾಡ್ಜ್‌ನ ಪಡಸಾಲೆಯಲ್ಲಿ 300 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇದೆ. ಹಿಂದಿನವರು ಅದನ್ನು ತಿರುಗಿಯೂ ನೋಡಿಲ್ಲ. ಕಲ್ಲುಗಳ ತುಂಬ ಉದ್ದ ಎಳೆಗಳ ಹಸಿರು ಪಾಚಿ, ಗಾಜಿನ ಅಂಚಿನಲ್ಲಿ ಹೆಪ್ಪುಗಟ್ಟಿದ ಬಿಳಿ ಉಪ್ಪು. ಮರಳು ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ. ಎರಡು ಕ್ಲೌನ್ ಮೀನುಗಳು ಮಾತ್ರ ಜೀವ ಹಿಡಿದುಕೊಂಡಿವೆ. ಒಂದು ಕಲ್ಲಿನ ಮೇಲೆ ಅಂಗಿಯ ಗುಂಡಿಯಷ್ಟು ದೊಡ್ಡ ಕಂದು ಜೀವಿಗಳ ಗುಂಪೂ ಇದೆ. ನೀರು ಇಳಿದಾಗಲೆಲ್ಲ ಕೆಲಸದ ಹುಡುಗ ಸಮುದ್ರದ ನೀರನ್ನೇ ತಂದು ಸುರಿಯುತ್ತಿದ್ದನಂತೆ. ಕಲ್ಲುಗಳನ್ನು ಕುದಿಸಿ ತೊಳೆದು, ಈ ವಾರವೇ ಬೀಚಿನ ನೀರು ತುಂಬಿಸಲೇ?

ಉತ್ತರ: ಕುದಿಸುವ ಮಾತನ್ನು ಇಲ್ಲಿಗೇ ಬಿಡಿ, ಮಾರಾಯರೇ. ಆ ಕಂದು ಜೀವಿಗಳು ಹವಳದ ಹತ್ತಿರದ ಸಂಬಂಧಿಗಳಾದ ಜೋವಾಂಥಿಡ್‌ಗಳಾಗಿರಬಹುದು. ಅವುಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿರುತ್ತದೆ. ಕಲ್ಲು ಕುದಿಸಿದಾಗ ಏಳುವ ಆವಿ ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳಿವೆ. ಆ ಕಲ್ಲನ್ನು ಉಜ್ಜಲೂ ಬೇಡಿ. ಮುಟ್ಟುವುದಿದ್ದರೆ ಕೈಗವಸು, ಕನ್ನಡಕ ಹಾಕಿಕೊಳ್ಳಿ. ಅಲ್ಲದೆ ಮೀನಿನ ಹೊಲಸಿನಿಂದ ಹುಟ್ಟುವ ವಿಷ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ನೆಲೆಸಿರುವುದೂ ಈ ಕಲ್ಲುಗಳಲ್ಲಿಯೇ. ಅವು ಸತ್ತರೆ ಉಳಿದ ಎರಡು ಮೀನುಗಳೂ ಉಳಿಯುವುದಿಲ್ಲ.

ಮಳೆಗಾಲದ ಬೀಚಿನ ನೀರೂ ಬೇಡ. ಕಾಳಿ ನದಿಯ ಕೆಂಪು ನೀರು ಬಂದು ಸೇರುವಾಗ ದಡದ ನೀರಿನಲ್ಲಿ ಉಪ್ಪು ಕಡಿಮೆ, ಹೂಳು ಹೆಚ್ಚು. ಆರ್‌ಒ ನೀರಿಗೆ ಅಕ್ವೇರಿಯಂ ಉಪ್ಪನ್ನು ಲೀಟರಿಗೆ ಸುಮಾರು 35ರಿಂದ 38 ಗ್ರಾಂ ಬೆರೆಸಿ, ಒಂದು ದಿನ ಪಂಪಿನಿಂದ ಕಲಕಿ ಬಳಸಿ. ಅದಕ್ಕೂ ಮೊದಲು ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ಈಗಿನ ನೀರಿನ ಸಾಂದ್ರತೆ ನೋಡಿ ತಿಳಿಸಿ.

ಪ್ರಶ್ನೆ: 1.032 ತೋರಿಸುತ್ತಿದೆ ಸರ್.

ಉತ್ತರ: ಅಂದುಕೊಂಡದ್ದೇ ಆಯಿತು. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲಿಯೇ ಉಳಿಯುತ್ತದೆ. ಅದರ ಮೇಲೆ ಮತ್ತೆ ಉಪ್ಪುನೀರು ಸುರಿದರೆ ಇನ್ನೇನಾಗಬೇಕು? ನಿಮಗೆ ಬೇಕಾದದ್ದು 1.025ರ ಆಸುಪಾಸು. ದಿನಕ್ಕೆ 10 ಲೀಟರ್ ತೆಗೆದು ಅಷ್ಟೇ ಆರ್‌ಒ ನೀರು ಹಾಕಿದರೆ ಸುಮಾರು 0.001 ಇಳಿಯುತ್ತದೆ. ಒಂದೇ ದಿನಕ್ಕೆ ಇಳಿಸಿದರೆ ಮೀನು ತಾಳಿಕೊಂಡೀತು, ಜೋವಾಂಥಿಡ್‌ಗಳು ತಾಳಲಾರವು. ಆಮೇಲೆ ಇಳಿದ ಮಟ್ಟ ತುಂಬಿಸಲು ಎಂದಿಗೂ ಸಿಹಿನೀರೇ.

ಉಪ್ಪು ಹದಕ್ಕೆ ಬಂದ ಮೇಲೆ ವಾರಕ್ಕೊಮ್ಮೆ ಶೇ. 15ರಷ್ಟು ನೀರು ಬದಲಿಸಿ. ಪಾಚಿಯನ್ನು ಕೈಯಿಂದ ಕಿತ್ತು ತೆಗೆಯಿರಿ, ಔಷಧಿ ಸುರಿಯಬೇಡಿ. ಮರಳಿನ ವಾಸನೆ ಹೈಡ್ರೋಜನ್ ಸಲ್ಫೈಡ್ ಅನಿಲದ್ದು. ಒಮ್ಮೆಲೇ ಕೆದಕಿದರೆ ಅದು ನೀರಿಗೆ ಬಿಟ್ಟುಕೊಂಡು ಮೀನು ಸಾಯುತ್ತದೆ. ನೀರು ಬದಲಿಸುವಾಗಲೆಲ್ಲ ಒಂದು ಮೂಲೆಯಿಂದ ಸ್ವಲ್ಪ ಸ್ವಲ್ಪವಾಗಿ ಕೊಳವೆಯಲ್ಲಿ ಎಳೆದು ಹೊರಹಾಕಿ. ಮಳೆಗಾಲದಲ್ಲಿ ಕರೆಂಟು ಕೈಕೊಡುವ ಊರು ನಮ್ಮದು, ಬ್ಯಾಟರಿಯ ಗಾಳಿ ಪಂಪ್ ಒಂದು ಇರಲಿ.

ಪ್ರಶ್ನೆ: ಎಲ್ಲ ಸರಿಹೋದ ಮೇಲೆ ಮುರ್ಡೇಶ್ವರದ ಪರಿಚಯದವರೊಬ್ಬರು ನೇತ್ರಾಣಿ ದ್ವೀಪದಿಂದ ಹವಳ ತಂದುಕೊಡುತ್ತೇನೆ ಎನ್ನುತ್ತಿದ್ದಾರೆ. ತರಿಸಬಹುದೇ?

ಉತ್ತರ: ತುಂಡು ಕೂಡ ಬೇಡ. ಬಂಡೆ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ. ತೊಟ್ಟಿಯಲ್ಲಿಯೇ ಮರಿ ಮಾಡಿಸಿದ ಮೀನುಗಳು ಸಿಗುತ್ತವೆ, ಬಿಲ್ಲು ಕೇಳಿ ಕೊಳ್ಳಿ. ಅದೂ ಅಮೋನಿಯಾ, ಅದರಿಂದ ಹುಟ್ಟುವ ನೈಟ್ರೈಟ್ ಎರಡೂ ಕೆಲವು ವಾರ ಸೊನ್ನೆಯಲ್ಲಿಯೇ ನಿಂತ ಮೇಲೆ.