ಪದಚರ್ಚೆ: ವಕೀಲರು ‘ನ್ಯಾಯಾಲಯದ ಅಧಿಕಾರಿ’ ಆಗುವುದು ಯಾವ ಅರ್ಥದಲ್ಲಿ?

ಮಾನ್ಯರೇ,

ಹೊಸದಾಗಿ ಸನ್ನದು ಪಡೆದ ವಕೀಲರಿಗೆಂದು ಸಿದ್ಧವಾಗುತ್ತಿರುವ ಕೈಪಿಡಿಯೊಂದರ ಕನ್ನಡ ಕರಡನ್ನು ತಿದ್ದುತ್ತಿದ್ದೇನೆ. ಮೂಲದಲ್ಲಿ ‘ಆಫೀಸರ್ ಆಫ್ ದಿ ಕೋರ್ಟ್’ ಎಂದಿರುವಲ್ಲೆಲ್ಲ ಅನುವಾದಕರು ‘ನ್ಯಾಯಾಲಯದ ಅಧಿಕಾರಿ’ ಎಂದೇ ಬರೆದಿದ್ದಾರೆ. ಹೀಗಾಗಿ ಒಂದು ಪುಟದಲ್ಲಿ ‘ವಕೀಲನು ನ್ಯಾಯಾಲಯದ ಅಧಿಕಾರಿಯಾಗಿರುತ್ತಾನೆ’ ಎಂದಿದ್ದರೆ, ಎರಡು ಪುಟ ದಾಟಿದ ಮೇಲೆ ‘ನ್ಯಾಯಾಲಯದ ಅಧಿಕಾರಿಯು ಸಮನ್ಸಿನ ಪ್ರತಿಯನ್ನು ಹೊರಬಾಗಿಲಿಗೆ ಅಂಟಿಸತಕ್ಕದ್ದು’ ಎಂದಿದೆ. ಕಾನೂನಿನ ಗಂಧವಿಲ್ಲದ ನಮ್ಮ ಮನೆಯವರೊಬ್ಬರು ಇದನ್ನು ಓದಿ, ‘ಹಾಗಾದರೆ ಸಮನ್ಸ್ ಅಂಟಿಸುವುದೂ ವಕೀಲರ ಕೆಲಸವೇ?’ ಎಂದು ಕೇಳಿದರು. ಅವರ ಪ್ರಶ್ನೆಗೆ ಉತ್ತರ ಹೇಳಲು ಹೊರಟಾಗ, ಈ ಪದದ ವ್ಯಾಪ್ತಿಯನ್ನು ನಾನೇ ಸರಿಯಾಗಿ ಯೋಚಿಸಿಲ್ಲವೆಂಬುದು ಗೊತ್ತಾಯಿತು.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 2(17)ನೇ ಕಲಮಿನಲ್ಲಿ ‘ಸಾರ್ವಜನಿಕ ಅಧಿಕಾರಿ’ ಎಂಬುದರ ವಿವರಣೆಯಿದೆ. ಕಾನೂನಿನ ಅಥವಾ ಸಂಗತಿಯ ಬಗ್ಗೆ ತನಿಖೆ ಮಾಡಿ ವರದಿ ಕೊಡುವುದು, ದಸ್ತಾವೇಜು ಬರೆದು ಕಾಯ್ದಿಡುವುದು, ಸ್ವತ್ತನ್ನು ವಶಕ್ಕೆ ಪಡೆಯುವುದು, ಆದೇಶಿಕೆ (ಸಮನ್ಸಿನಂಥ ನ್ಯಾಯಾಲಯದ ಆಜ್ಞಾಪತ್ರ) ಜಾರಿ ಮಾಡುವುದು, ಪ್ರಮಾಣ ಮಾಡಿಸುವುದು, ದುಭಾಷಿಯಾಗಿ ಹೇಳುವುದು, ನ್ಯಾಯಾಲಯದಲ್ಲಿ ಶಿಸ್ತು ಕಾಯುವುದು, ಇವುಗಳಲ್ಲಿ ಯಾವುದೇ ಒಂದು ಯಾರ ಕರ್ತವ್ಯವೋ ಆ ‘ನ್ಯಾಯಾಲಯದ ಅಧಿಕಾರಿ’ಗಳೆಲ್ಲರೂ ಅದರಲ್ಲಿ ಸೇರುತ್ತಾರೆ. ಗಮನಿಸಬೇಕಾದುದೇನೆಂದರೆ, ವಿವರಣೆಯ ಈ ಭಾಗದಲ್ಲಿ ಹುದ್ದೆಯ ಹೆಸರಾಗಲಿ ದರ್ಜೆಯಾಗಲಿ ಬರುವುದೇ ಇಲ್ಲ, ಕರ್ತವ್ಯವೊಂದೇ ಅಳತೆಗೋಲು. ಹಳೆಯ ಭಾರತೀಯ ದಂಡ ಸಂಹಿತೆಯ 21ನೇ ಕಲಮು ಇದೇ ಪಟ್ಟಿಗೆ ರಿಸೀವರನ್ನೂ (ವ್ಯಾಜ್ಯದ ಸ್ವತ್ತನ್ನು ನೋಡಿಕೊಳ್ಳಲು ನ್ಯಾಯಾಲಯ ನೇಮಿಸಿದವನು) ಕಮಿಷನರನ್ನೂ (ಸ್ಥಳ ಪರಿಶೀಲನೆಯಂಥ ಕೆಲಸಕ್ಕೆ ನ್ಯಾಯಾಲಯ ನೇಮಿಸಿದವನು) ಸೇರಿಸಿಕೊಂಡಿತ್ತು.

ಈ ಪಟ್ಟಿಯಲ್ಲಿ ಜನರಿಗೆ ಹೆಚ್ಚು ಪರಿಚಯವಿರುವವನು ಅಮೀನ, ಅಂದರೆ ಸಮನ್ಸ್, ಜಪ್ತಿಗಳನ್ನು ಜಾರಿ ಮಾಡುವ ಜಾರಿಕಾರ. ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 17ನೇ ನಿಯಮದ ಪ್ರಕಾರ ಪ್ರತಿವಾದಿ ಸಮನ್ಸ್ ಪಡೆಯಲು ಒಪ್ಪದಿದ್ದರೆ ಜಾರಿಕಾರನು ಪ್ರತಿಯನ್ನು ಮನೆಯ ಹೊರಬಾಗಿಲಿಗೆ ಅಥವಾ ಎದ್ದು ಕಾಣುವ ಬೇರೆ ಜಾಗಕ್ಕೆ ಅಂಟಿಸಿ, ಮೂಲಪ್ರತಿಯ ಮೇಲೆ ಷರಾ ಬರೆದು ಹಿಂದಿರುಗಿಸಬೇಕು. ‘ವಿಳಾಸದ ಮನೆಗೆ ಹೋಗಿ ವಿಚಾರಿಸಲಾಗಿ, ಪ್ರತಿವಾದಿಯು ಹಾಜರಿದ್ದೂ ಸಮನ್ಸ್ ಪಡೆಯಲು ನಿರಾಕರಿಸಿದ್ದರಿಂದ, ಮನೆ ಗುರುತಿಸಿಕೊಟ್ಟ ಇಂಥವರ ಸಮಕ್ಷಮ ಹೊರಬಾಗಿಲಿಗೆ ಅಂಟಿಸಿರುತ್ತೇನೆ’ ಎಂಬ ಧಾಟಿಯ ಒಂದೇ ಉಸಿರಿನ ವಾಕ್ಯವದು. ಅದರಲ್ಲಿ ಎಲ್ಲಕ್ಕಿಂತ ತೂಕದ ಮಾತು ‘ಇಂಥವರ ಸಮಕ್ಷಮ’ ಎಂಬುದು, ಏಕೆಂದರೆ ಮನೆ ತೋರಿಸಿದವರೂ ಸಾಕ್ಷಿಯಾದವರೂ ಇದ್ದಲ್ಲಿ ಅವರ ಹೆಸರು, ವಿಳಾಸಗಳನ್ನು ಬರೆಯಲೇಬೇಕು. ವರದಿಗೆ ಪ್ರಮಾಣಪತ್ರದ (ಅಫಿಡವಿಟ್ಟಿನ) ಬೆಂಬಲವಿಲ್ಲದಿದ್ದರೆ ನ್ಯಾಯಾಲಯವು ಅಮೀನನನ್ನೇ ಕರೆಸಿ ಪ್ರಮಾಣದ ಮೇಲೆ ವಿಚಾರಿಸುತ್ತದೆ. ಜಪ್ತಿಗೆ ಹೋದಾಗಲೂ ಅವನ ಕೈ ಕಟ್ಟಿಯೇ ಇರುತ್ತದೆ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ವಾಸದ ಮನೆಯೊಳಗೆ ಹೋಗುವಂತಿಲ್ಲವೆಂದು 62ನೇ ಕಲಮು ಹೇಳುತ್ತದೆ; ಸಾಲಗಾರನ ಮನೆಯವರ ಬಟ್ಟೆಬರೆ, ಹಾಸಿಗೆ, ಅಡುಗೆ ಪಾತ್ರೆ, ಧಾರ್ಮಿಕ ಆಚಾರದಂತೆ ಹೆಣ್ಣುಮಕ್ಕಳು ತೆಗೆಯಬಾರದ ತಾಳಿಯಂಥ ಒಡವೆ, ರೈತನಾದರೆ ಅವನ ಬೇಸಾಯದ ಸಲಕರಣೆ ಮತ್ತು ಜೀವನೋಪಾಯಕ್ಕೆ ಬೇಕಾದ ದನ, ಬಿತ್ತನೆಯ ಕಾಳು, ಇವನ್ನು ಮುಟ್ಟಬಾರದೆಂದು 60ನೇ ಕಲಮು ಹೇಳುತ್ತದೆ. ಊರಿನವರು ‘ಅಮೀನ ಬಂದ’ ಎಂದು ಹೆದರುವುದು ಸಹಜವೇ, ಆದರೆ ಕಾನೂನು ಅವನಿಗೆ ವಿಧಿಸಿರುವ ‘ಕೂಡದು’ಗಳೇನೂ ಕಡಿಮೆಯಿಲ್ಲ.

ಈ ಹುದ್ದೆಗಳ ತಿರುಳು ಕರ್ತವ್ಯವೆಂಬುದನ್ನು ಕೋರ್ಟು ಸಿಬ್ಬಂದಿಯ ಹಳೆಯ ಹೆಸರುಗಳು ನಮಗಿಂತ ಚೆನ್ನಾಗಿ ಅರಿತಿದ್ದವೆಂದು ನನಗೆ ತೋರುತ್ತದೆ. ಅರಬ್ಬಿಯಲ್ಲಿ ಅಮೀನನೆಂದರೆ ನಂಬಿಕೆಗೆ ಅರ್ಹನಾದವನು. ನಾಜರನೆಂದರೆ ನೋಡಿಕೊಳ್ಳುವವನು, ನಾವು ‘ನಜರಿಗೆ ಬಿತ್ತು’ ಎನ್ನುವುದೂ ಅದೇ ಧಾತುವಿನಿಂದ. ಶಿರಸ್ತೇದಾರನು ‘ಸರ್‌ರಿಶ್ತಾ’, ಅಂದರೆ ದಾರದ ತುದಿ, ಕಡತಗಳ ಎಳೆ ಹಿಡಿದಿರುವವನು. (ಈ ಪದದಲ್ಲಿ ಸಂಸ್ಕೃತದ ಶಿರಸ್ಸನ್ನು ಕಾಣುವವರಿದ್ದಾರೆ. ವ್ಯುತ್ಪತ್ತಿ ತಪ್ಪು, ಆದರೂ ಪಾರಸಿಯ ‘ಸರ್’ ಮತ್ತು ನಮ್ಮ ‘ಶಿರ’ ದಾಯಾದಿಗಳೇ.) ಇವುಗಳಲ್ಲಿ ಒಂದಾದರೂ ದರ್ಪವನ್ನು ಸೂಚಿಸುವುದಿಲ್ಲ. ನೇಮಕಾತಿ ಪ್ರಕಟಣೆಗಳಲ್ಲಿ ಈಗ ಕಾಣುವ ‘ಆದೇಶ ಜಾರಿಕಾರ’ ಎಂಬ ಪದವೂ ಕೆಲಸವನ್ನೇ ಹೇಳುತ್ತದೆ, ಹಾಗಾಗಿ ಅದರ ಬಗ್ಗೆ ನನ್ನ ತಕರಾರಿಲ್ಲ.

ತೊಡಕಿರುವುದು ವಕೀಲರ ವಿಷಯದಲ್ಲಿ. ವಕೀಲರು ನ್ಯಾಯಾಲಯದ ಅಧಿಕಾರಿಯೆಂಬ ಸ್ಥಾನಕ್ಕೆ ತಕ್ಕಂತೆ ನಡೆದುಕೊಳ್ಳಬೇಕೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಹೇಳುತ್ತವೆ. ಅವರಿಗೆ ನ್ಯಾಯಾಲಯ ಸಂಬಳ ಕೊಡುವುದಿಲ್ಲ, ಫೀಸು ಕೊಡುವವನು ಕಕ್ಷಿದಾರ. ಆದರೂ ತಾವು ಕಕ್ಷಿದಾರನ ಬರೀ ಬಾಯಿಯೆಂದು ಅವರು ಭಾವಿಸಕೂಡದು, ಅನುಚಿತ ಮಾರ್ಗ ಹಿಡಿಯಲು ಹಟಮಾಡುವ ಕಕ್ಷಿದಾರನ ವಕಾಲತ್ತನ್ನು ನಿರಾಕರಿಸಬೇಕು ಎಂಬುದು ಅದೇ ನಿಯಮಗಳ ತಾತ್ಪರ್ಯ. ಇಲ್ಲಿ ‘ಆಫೀಸರ್’ ಎಂಬುದರಲ್ಲಿ ಲ್ಯಾಟಿನ್ನಿನ ಹಳೆಯ ಅರ್ಥ, ಅಂದರೆ ಸೇವೆ ಮತ್ತು ಕರ್ತವ್ಯ, ಇನ್ನೂ ಉಸಿರಾಡುತ್ತಿದೆ. ನಮ್ಮ ‘ಅಧಿಕಾರ’ಕ್ಕೂ ಒಂದು ಕಾಲಕ್ಕೆ ಇಂಥ ಅರ್ಥವಿತ್ತೆಂದು ಬಲ್ಲವರು ವಾದಿಸಬಹುದು: ‘ಕರ್ಮಣ್ಯೇವಾಧಿಕಾರಸ್ತೇ’ ಎಂಬಲ್ಲಿ ಅಧಿಕಾರವೆಂದರೆ ಕೆಲಸಕ್ಕೆ ಸಲ್ಲುವ ಅರ್ಹತೆ, ವೇದಾಂತದಲ್ಲಿ ಅಧಿಕಾರಿಯೆಂದರೆ ವಿದ್ಯೆಗೆ ಯೋಗ್ಯನಾದ ಶಿಷ್ಯ. ವಾದ ಸರಿಯೇ. ಆದರೆ ಇಂದು ತಾಲ್ಲೂಕು ಕಚೇರಿಯ ಸಾಲಿನಲ್ಲಿ ನಿಂತವರ ಕಿವಿಗೆ ‘ಅಧಿಕಾರಿ’ ಎಂದರೆ ಕುರ್ಚಿ, ಸಹಿ ಮತ್ತು ಮೊಹರು. ಕೈಪಿಡಿಯನ್ನು ಓದುವ ಕಿರಿಯ ವಕೀಲರ ಕಿವಿಯೂ ಅದೇ.

ಆದ್ದರಿಂದ ಒಂದೇ ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಎರಡನ್ನು ಬಳಸಬೇಕೆಂದು ನನಗನ್ನಿಸುತ್ತದೆ. ಶಾಸನವೇ ಕರ್ತವ್ಯ ಹೊರಿಸಿದವರಿಗೆ ‘ನ್ಯಾಯಾಲಯದ ಅಧಿಕಾರಿ’ ಇರಲಿ. ಸ್ಥಳ ಪರಿಶೀಲನೆಗೆಂದು ಕಮಿಷನರಾಗಿ ನೇಮಕಗೊಂಡ ವಕೀಲರೂ ಆ ಕೆಲಸದ ಮಟ್ಟಿಗೆ ಇದರಲ್ಲಿ ಬರುತ್ತಾರೆ. ಕಕ್ಷಿದಾರನ ಪರ ವಾದಿಸಲು ನಿಂತ ವಕೀಲರಿಗೆ ‘ನ್ಯಾಯಾಲಯಕ್ಕೆ ಹೊಣೆಯಾದವರು’ ಎನ್ನಬಹುದೇ? ‘ನ್ಯಾಯಾಲಯದ ಹೊಣೆಗಾರ’ ಎಂದು ಚಿಕ್ಕದಾಗಿಸಿ ನೋಡಿದೆ, ಆದರೆ ಅದು ಜಾಮೀನು ನಿಂತವನಂತೆ ಕೇಳಿಸುತ್ತದೆ. ‘ನ್ಯಾಯಸೇವಕ’ ಎಂದರೆ ಜವಾನನನ್ನು ಕರೆದಂತೆ.

ಇನ್ನೊಂದು ಸಣ್ಣ ವಿಚಾರಣೆ. ಉತ್ತರ ಕರ್ನಾಟಕದ ಕೋರ್ಟುಗಳಲ್ಲಿ ‘ಬೇಲೀಫ’ ಎಂಬ ಮಾತನ್ನು ಕೇಳಿದ್ದೇನೆ. ಅಲ್ಲಿ ಬೇಲೀಫನೂ ಅಮೀನನೂ ಒಬ್ಬನೇ, ಅಥವಾ ಜಪ್ತಿಗೆ ಹೋಗುವವನು ಬೇಲೀಫ, ಸಮನ್ಸ್ ಒಯ್ಯುವವನು ಬೇರೆಯೇ? ಅಲ್ಲಿನ ಕೋರ್ಟುಗಳಲ್ಲಿ ಕೆಲಸ ಮಾಡಿದವರು ತಿಳಿಸಿದರೆ ಆ ಪುಟವನ್ನು ಸರಿಪಡಿಸಿಕೊಳ್ಳುತ್ತೇನೆ.