ಹಿತ್ತಾಳೆ ಎಕ್ಸ್‌ಕವೇಟರ್ ಮಾಡೆಲ್: ಬೆಸುಗೆ ಹಾಕೋವಾಗ ಬೂಮ್ ತಿರುಚಿಕೊಳ್ತಿದೆ, ಏನ್ಮಾಡ್ಲಿ?

ಕಿರುಯಂತ್ರ:
ಎಲ್ರಿಗೂ ನಮಸ್ಕಾರ. ಕಿಟ್ ಇಲ್ದೆ, ಶೀಟು ಪೈಪು ರಾಡು ಇಟ್ಕೊಂಡು 20 ಟನ್ ಕ್ಲಾಸಿನ ಚೈನ್ ಎಕ್ಸ್‌ಕವೇಟರ್ 1:25 ಸ್ಕೇಲಲ್ಲಿ ಮಾಡ್ತಿದೀನಿ. ಬೂಮ್ (ಬಾಡಿಗೆ ಸೇರೋ ದೊಡ್ಡ ತೋಳು) 0.5 ಎಂಎಂ ಹಿತ್ತಾಳೆ ಶೀಟು, ಎರಡು ಸೈಡ್ ಪ್ಲೇಟ್ ಒಟ್ಟಿಗೆ ಅಂಟಿಸಿ ಗರಗಸದಲ್ಲಿ ಕೊಯ್ದು ಅರ ಹಾಕಿದ್ರಿಂದ ಎರಡೂ ತದ್ರೂಪು, ಆದ್ರೆ ಟಾರ್ಚ್ ಹಿಡಿದು ಒಂದ್ ತುದಿಯಿಂದ ಬೆಸುಗೆ ಹಾಕ್ತಾ ಇನ್ನೊಂದ್ ತುದಿಗೆ ಬರೋಷ್ಟ್ರಲ್ಲಿ ತಿರುಚಿಕೊಂಡಿರತ್ತೆ, ಪಿನ್ ತೂತು ಲೈನಿಗೆ ಬರಲ್ಲ. ಕೊನೇ ಪ್ಲೇಟ್ ಮುಚ್ಚೋವಾಗಂತೂ ಕರಗಿದ ಸೋಲ್ಡರ್ ಬುಸ್ ಅಂತ ಆಚೆ ಉಗುಳತ್ತೆ, ಯಾಕೆ? ಆಮೇಲೆ ಚೈನ್ ಶೂ (ನೆಲಕ್ಕೆ ತಾಗೋ ಪಟ್ಟಿಗಳು) ಎರಡೂ ಕಡೆ ಸೇರಿ ನೂರರ ಹತ್ರ ಬೇಕು, ಎರಕ ಹೊಯ್ಯೋದೇ ಒಳ್ಳೇದಾ?

ಅರಗರಗಸ:
ಉಗುಳೋದು ಒಳಗೆ ಸಿಕ್ಕಾಕೊಂಡ ಗಾಳಿ ಸಾರ್. ಬಿಸಿಗೆ ಹಿಗ್ಗಿ ದಾರಿ ಇಲ್ದೆ ಸಂದೀಲಿ ನುಗ್ಗತ್ತೆ. ಸಿಲಿಂಡರ್ ಬ್ರಾಕೆಟ್ ಕೂರೋ ಜಾಗದಲ್ಲಿ ಎರಡು 1 ಎಂಎಂ ತೂತು ಹಾಕಿ, ಆಮೇಲೆ ಬ್ರಾಕೆಟ್ ಅದನ್ನ ಮುಚ್ಚತ್ತೆ. ಅದೇ ತೂತಿಂದ ಬಿಸಿನೀರು ಬಿಟ್ಟು ಫ್ಲಕ್ಸ್ (ಬೆಸುಗೆ ಹಿಡಿಯೋಕೆ ಹಚ್ಚೋ ರಾಸಾಯನಿಕ) ತೊಳೀಬಹುದು, ಇಲ್ಲಾಂದ್ರೆ ಪೇಂಟ್ ಆದ್ಮೇಲೂ ಒಳಗಿಂದ ಹಸಿರು ಕಿಲುಬು ಬರತ್ತೆ.

ತಿರುಚೋದಕ್ಕೆ ಕಾರಣ ಒಂದ್ ಕಡೆ ಕಾದು ಇನ್ನೊಂದ್ ಕಡೆ ತಣ್ಣಗಿರೋದು. ನಿಜವಾದ ಬೂಮಲ್ಲಿರೋ ಹಾಗೆ ಒಳಗೆ ಅಡ್ಡ ಪ್ಲೇಟ್ ಕೊಡಿ, ಮೊದ್ಲು ಮಧ್ಯ, ಆಮೇಲೆ ಎರಡು ತುದಿ, ಹೀಗೆ ಎದುರುಬದುರಾಗಿ ಬರೀ ಚುಕ್ಕಿ ಬೆಸುಗೆ ಹಾಕಿ, ನೆಟ್ಟಗಿದೆಯಾ ನೋಡಿ ಆಮೇಲೆ ತುಂಬ್ಕೊಂಡು ಬನ್ನಿ. ಪಿನ್ ತೂತು ಈಗ್ಲೇ ಫುಲ್ ಸೈಜಿಗೆ ಕೊರೀಬೇಡಿ. 80 ಎಂಎಂ ಪಿನ್ ಅಂದ್ರೆ ನಿಮ್ಮ ಸ್ಕೇಲಲ್ಲಿ 3.2, ಈಗ 2.5 ಮಾತ್ರ ಕೊರೆದು, ಬಾಕ್ಸ್ ಪೂರ್ತಿ ಆದ್ಮೇಲೆ 3.2 ಡ್ರಿಲ್ ಎರಡೂ ಪ್ಲೇಟಿಗೆ ಒಂದೇ ಸಲ ಹಾಯಿಸಿ.

ಬೆಸುಗೇನೂ ಮೆಟ್ಟಿಲು ಮೆಟ್ಟಿಲಾಗಿ ಹಾಕಿ. ಮೊದಲ ಜೋಡಣೆಗೆ 221 ಡಿಗ್ರಿಗೆ ಕರಗೋ ತವರ-ಬೆಳ್ಳಿ, ಮೇಲಿನ ಬ್ರಾಕೆಟ್‌ಗಳಿಗೆ 183 ಡಿಗ್ರಿಯ 63/37 ತವರ-ಸೀಸ, ಆಗ ಹಳೇ ಜಾಯಿಂಟ್ ಬಿಚ್ಚಲ್ಲ. 138ರ ಬಿಸ್ಮತ್ ಸೋಲ್ಡರ್ ಮಾತ್ರ ಸೀಸ ಇರೋ ಬೆಸುಗೆ ಮೇಲೆ ಬೇಡ, ಬೆರೆತರೆ ನೂರು ಡಿಗ್ರಿ ಒಳಗೇ ಕರಗತ್ತೆ.

ಚೈನ್‌ಪಿನ್:
ಶೂಗೆ ಎರಕ ಯಾಕೆ? ನಿಜವಾದ ಶೂಗಳೂ ರೋಲಿಂಗ್ ಮಿಲ್ಲಲ್ಲಿ ಉದ್ದ ಪಟ್ಟಿಯಾಗಿ ಬಂದು ಆಮೇಲೆ ತುಂಡಾಗೋದು. ಉದ್ದ ಪಟ್ಟಿಗೆ ಮೂರು ಸಣ್ಣ ಪಟ್ಟಿ ಬೆಸೆದು ಶೂ ಮೇಲಿರೋ ಮೂರು ಏಣು ಮಾಡ್ಕೊಳ್ಳಿ, 600 ಎಂಎಂ ಶೂ ಅಂದ್ರೆ 24 ಎಂಎಂಗೆ ಒಂದೊಂದು ತುಂಡು ಕೊಯ್ತಾ ಹೋಗಿ, ಎಲ್ಲಾ ಒಂದೇ ಅಚ್ಚಲ್ಲಿ ತೆಗ್ದಂಗೆ ಬರತ್ತೆ.

ತಲೆ ಕೆಡಿಸ್ಕೋಬೇಕಾಗಿರೋದು ಚೈನ್ ಲಿಂಕಿನ ಪಿಚ್ ಬಗ್ಗೆ, ಅಂದ್ರೆ ಎರಡು ಪಿನ್ ತೂತಿನ ನಡುವಿನ ದೂರ. ಈ ಕ್ಲಾಸಲ್ಲಿ 190 ಎಂಎಂ, ನಿಮಗೆ 7.6. ಪ್ರತಿ ಲಿಂಕಲ್ಲಿ 0.05 ಹೆಚ್ಚಾದ್ರೂ 49 ಲಿಂಕಿಗೆ ಸುಮಾರು ಎರಡೂವರೆ ಎಂಎಂ ಆಯ್ತು, ಚೈನ್ ಸ್ಪ್ರಾಕೆಟ್ ಹಲ್ಲಿನ ಮೇಲೆ ಹತ್ತಿ ಕೂರತ್ತೆ. ಹದಗೊಳಿಸಿದ ಸ್ಟೀಲಿನ ಡ್ರಿಲ್ ಜಿಗ್ (ತೂತು ಒಂದೇ ಜಾಗಕ್ಕೆ ಬರೋ ಹಾಗೆ ಹಿಡಿಯೋ ಅಚ್ಚು) ಒಂದ್ ಮಾಡ್ಕೊಳ್ಳಿ, ಮೊದಲ ತೂತಿಗೆ ಪಿನ್ ಹಾಕಿ ಲಾಕ್ ಮಾಡಿ ಎರಡನೇದು ಕೊರೀರಿ, ಪ್ರತಿ ಲಿಂಕೂ ಅದ್ರಲ್ಲೇ ಹೋಗ್ಲಿ. ಟೈಮ್ ಹಾಕೋದಾದ್ರೆ ಆ ಜಿಗ್ ಮೇಲೆ ಹಾಕಿ.

ಕಿರುಯಂತ್ರ:
ಉದ್ದ ಪಟ್ಟಿ ಐಡಿಯಾ ಸೂಪರ್, ತುಂಬಾ ಥ್ಯಾಂಕ್ಸ್ ಇಬ್ರಿಗೂ. ಒಂದೇ ಡೌಟು, ಬೂಮ್ ಮೇಲಿನ ವೆಲ್ಡಿಂಗ್ ಗೆರೆ ಕಾಣಬೇಕು ಅಂದ್ರೆ ಏನ್ ಮಾಡ್ತೀರಾ?

ಅರಗರಗಸ:
0.4 ತಾಮ್ರದ ತಂತಿ ಮೂಲೆಗೆ ಕೂರಿಸಿ ತೆಳ್ಳಗೆ ಸೋಲ್ಡರ್ ಹರಿಸಿ, ಎಚ್ (etch) ಪ್ರೈಮರ್, ಅಂದ್ರೆ ಲೋಹಾನ ಸ್ವಲ್ಪ ಕೊರೆದು ಹಿಡಿಯೋ ಪ್ರೈಮರ್ ಹೊಡೀರಿ, ಹಿತ್ತಾಳೆಗೆ ಮಾಮೂಲಿ ಪ್ರೈಮರ್ ಸರಿಯಾಗಿ ಹಿಡಿಯಲ್ಲ. ಬೂಮ್ ಮುಚ್ಚೋ ಮುಂಚೆ ಒಳಗಿನ ಫೋಟೋ ಹಾಕಿ, ಅಡ್ಡ ಪ್ಲೇಟ್ ಎಲ್ಲಿ ಬಂದಿದೆ ನೋಡಿ ಹೇಳ್ತೀನಿ.