ಅಪ್ಪನ ಜೋಡುನಳಿಗೆ ಬಂದೂಕನ್ನು ಅಣ್ಣ ಹತ್ತು ದಿನಕ್ಕೆ ಕೇಳುತ್ತಿದ್ದಾನೆ: ಕೊಡಬಹುದೇ?

ಪ್ರಶ್ನೆ: ಕಪಾಟಿನ ಕೀಲಿಕೈ

ಎಲ್ಲರಿಗೂ ನಮಸ್ಕಾರ. ನನ್ನ ಹೆಸರಿನಲ್ಲಿ ಇರುವುದು ಒಂದೇ ಬಂದೂಕು, ಹನ್ನೆರಡು ಬೋರಿನ (ಬೋರು ಎಂದರೆ ನಳಿಗೆಯ ಒಳಗಲದ ಅಳತೆ) ಹಳೆಯ ಜೋಡುನಳಿಗೆ. ಅಪ್ಪ ತೀರಿಕೊಂಡ ಮೇಲೆ ಪರವಾನಗಿಗೆ ಅರ್ಜಿ ಹಾಕಿ, ಕ್ರಮಬದ್ಧವಾಗಿ ನನ್ನ ಹೆಸರಿಗೆ ಮಾಡಿಸಿಕೊಂಡಿದ್ದೇನೆ. ವರ್ಷಕ್ಕೆ ನಾಲ್ಕಾರು ಬಾರಿ ಹೊರತೆಗೆದು, ಎಣ್ಣೆಬಟ್ಟೆಯಿಂದ ಒರೆಸಿ, ಮತ್ತೆ ಬೀಗ ಹಾಕಿಡುವುದನ್ನು ಬಿಟ್ಟರೆ ನಾನು ಅದನ್ನು ಬಳಸಿದ್ದು ತೀರ ಕಡಿಮೆ.

ನನ್ನ ದೊಡ್ಡಪ್ಪನ ಮಗ, ನನಗಿಂತ ಆರು ವರ್ಷ ಹಿರಿಯವನು, ಹಾರುವ ಮಣ್ಣಿನ ತಟ್ಟೆಗಳಿಗೆ ಗುರಿಯಿಡುವ ಟ್ರ್ಯಾಪ್ ಸ್ಪರ್ಧೆಗಳಲ್ಲಿ ಭಾಗವಹಿಸುತ್ತಾನೆ. ಅವನಿಗೂ ಪರವಾನಗಿ ಇದೆ, ಸ್ವಂತದ್ದೊಂದು ಇಪ್ಪತ್ತು ಬೋರಿನ ಬಂದೂಕೂ ಇದೆ. ಆದರೆ ಅದರ ಕುದುರೆ (ಟ್ರಿಗರ್) ಸರಿಯಾಗಿ ಕೂರದೆ ದುರಸ್ತಿಗೆ ಹೋಗಿದ್ದು, ಸ್ಪರ್ಧೆ ಮುಗಿಯುವವರೆಗೆ, ಅಂದರೆ ಹತ್ತು ದಿನದ ಮಟ್ಟಿಗೆ, ನನ್ನ ಬಂದೂಕನ್ನು ಕೊಡು ಎಂದು ಕೇಳಿದ್ದಾನೆ. "ನಿನ್ನ ಕಪಾಟಿನಲ್ಲಿ ಸುಮ್ಮನೆ ಮಲಗಿದೆಯಲ್ಲ" ಎಂಬುದು ಅವನ ಮಾತು. ನಾನು "ನೋಡೋಣ" ಎಂದೆ. ಆ "ನೋಡೋಣ" ಎಂಬುದನ್ನು ಅವನು ಒಪ್ಪಿಗೆ ಎಂದೇ ತಿಳಿದು, ಯಾವಾಗ ಬಂದು ಒಯ್ಯಲಿ ಎಂದು ಈಗ ದಿನವೂ ಕೇಳುತ್ತಿದ್ದಾನೆ.

ಅವನು ಕುಡಿಯುವವನಲ್ಲ, ಸಿಡುಕನಲ್ಲ, ಬಂದೂಕು ಹಿಡಿಯುವುದರಲ್ಲಿ ನನಗಿಂತ ಎಷ್ಟೋ ಪಾಲು ಪಳಗಿದವನು. ಹಾಗಿದ್ದೂ ಮನಸ್ಸು ಹಿಂಜರಿಯುತ್ತಿದೆ. ಅಪ್ಪ ತಮ್ಮ ಜೀವಮಾನದಲ್ಲಿ ಅದನ್ನು ಯಾರ ಕೈಗೂ ಕೊಟ್ಟವರಲ್ಲ. ಏಕೆಂದು ನಾನು ಕೇಳಲೂ ಇಲ್ಲ. ಪರವಾನಗಿಯೂ ಅನುಭವವೂ ಇರುವ ಮನೆಯವನಿಗೇ ಕೊಡಲು ಹಿಂದೆಮುಂದೆ ನೋಡುವುದು ಅತಿಯಾಯಿತೇ? ಕೊಡಬಾರದು ಎಂದಾದರೆ ಸಂಬಂಧ ಕೆಡದಂತೆ ಹೇಳುವುದು ಹೇಗೆ?

ಉತ್ತರ: ಬೇಲಿಗೂಟ

ಕೊಡಬೇಡಿ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ಹಣಕ್ಕೆ ಹುಟ್ಟಿದ್ದಿರಬಹುದು. ಹಣವಾದರೆ ಹೋದರೆ ಹೋಯಿತು ಎಂದು ಕೈತೊಳೆದುಕೊಳ್ಳಬಹುದು, ಬಂದೂಕಿನ ವಿಷಯದಲ್ಲಿ ಅದೂ ಸಾಧ್ಯವಿಲ್ಲ.

ಉತ್ತರ: ಕಲಮು ಮತ್ತು ಕಾಗದ

ನೀವಿರುವ ದೇಶ ಯಾವುದೆಂದು ಪ್ರಶ್ನೆಯಲ್ಲಿ ತಿಳಿಸಿಲ್ಲ, ಆದರೆ ಈ ವಿಷಯದಲ್ಲಿ ಮೊದಲು ತಿಳಿಯಬೇಕಾದದ್ದೇ ಅದು. "ಇಬ್ಬರಿಗೂ ಪರವಾನಗಿ ಇದೆ, ಆದ್ದರಿಂದ ತೊಂದರೆಯಿಲ್ಲ" ಎಂಬ ತರ್ಕ ಒಂದು ದೇಶದಲ್ಲಿ ಸರಿಯಾಗಿದ್ದು ಇನ್ನೊಂದರಲ್ಲಿ ಜೈಲಿನ ದಾರಿಯಾಗಬಹುದು.

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಮಿನಂತೆ ಬಂದೂಕನ್ನು ಪಡೆಯಲು, ಇಟ್ಟುಕೊಳ್ಳಲು ಮತ್ತು ಒಯ್ಯಲು ಪರವಾನಗಿ ಬೇಕು. ಪರವಾನಗಿ ಇಲ್ಲದವನು ಮಾಲೀಕನ ಸಮ್ಮುಖದಲ್ಲಿ ಅಥವಾ ಅವನ ಲಿಖಿತ ಅಧಿಕಾರದ ಮೇಲೆ ಬಂದೂಕನ್ನು ಒಯ್ಯಬಹುದು ಎಂಬ ವಿನಾಯಿತಿಯೊಂದು ಅದರಲ್ಲಿದೆ, ಮತ್ತು "ಒಂದು ಚೀಟಿ ಬರೆದುಕೊಟ್ಟರೆ ಸಾಕು" ಎಂಬ ನಂಬಿಕೆ ಹುಟ್ಟಿದ್ದು ಬಹುಶಃ ಇದರಿಂದಲೇ. ಆದರೆ ಆ ವಿನಾಯಿತಿ ದುರಸ್ತಿಗೆ, ಪರವಾನಗಿಯ ನವೀಕರಣಕ್ಕೆ, ಇಲ್ಲವೇ ಮಾಲೀಕನೇ ಬಳಸುವುದಕ್ಕಾಗಿ ಒಯ್ಯುವಾಗ ಮಾತ್ರ ಅನ್ವಯಿಸುತ್ತದೆ. ಒಯ್ಯುವವನು ತಾನೇ ಬಳಸಲು ಅದರಲ್ಲಿ ಅವಕಾಶವಿಲ್ಲ. ಇನ್ನು ನಿಮ್ಮ ಅಣ್ಣನ ಪರವಾನಗಿಯ ಮಾತು. ಪರವಾನಗಿಯಲ್ಲಿ ಆಯುಧದ ವಿವರ ಮತ್ತು ಸಂಖ್ಯೆ ನಮೂದಾಗಿರುತ್ತವೆ, ಮತ್ತು ಅವನ ಪುಸ್ತಕದಲ್ಲಿರುವುದು ಇಪ್ಪತ್ತು ಬೋರಿನದು, ನಿಮ್ಮ ಹನ್ನೆರಡು ಬೋರಿನದಲ್ಲ. ಖಾಸಗಿ ಆಯುಧವನ್ನು ಅರ್ಹ ವ್ಯಕ್ತಿಗೆ ಮಾರಲು ಅಥವಾ ವರ್ಗಾಯಿಸಲು 5ನೇ ಕಲಮು ಅವಕಾಶ ಕೊಡುತ್ತದೆ, ಆದರೆ ಮೊದಲು ಜಿಲ್ಲಾ ದಂಡಾಧಿಕಾರಿಗೋ ಸಮೀಪದ ಪೊಲೀಸ್ ಠಾಣಾಧಿಕಾರಿಗೋ ಲಿಖಿತವಾಗಿ ತಿಳಿಸಿ ಕನಿಷ್ಠ 45 ದಿನ ಕಾಯಬೇಕು. ಹತ್ತು ದಿನದ ಎರವಲಿಗೆ ನಲವತ್ತೈದು ದಿನದ ಮುನ್ಸೂಚನೆ!

ಬ್ರಿಟನ್ನಿನಲ್ಲಿ ಸ್ಥಿತಿ ಬೇರೆ. ಅಲ್ಲಿ ಷಾಟ್‌ಗನ್ (ನಿಮ್ಮದರಂಥ ಬಂದೂಕು) ಪ್ರಮಾಣಪತ್ರವುಳ್ಳ ಒಬ್ಬರು ಅದೇ ಪ್ರಮಾಣಪತ್ರವುಳ್ಳ ಇನ್ನೊಬ್ಬರಿಗೆ 72 ಗಂಟೆಗಳವರೆಗೆ ಷಾಟ್‌ಗನ್ನನ್ನು ಎರವಲು ಕೊಡಬಹುದು, ಅದನ್ನು ಪೊಲೀಸರಿಗೆ ತಿಳಿಸಬೇಕಾಗಿಲ್ಲ. ಗಡಿಯಾರ ಅದನ್ನು ದಾಟಿದರೆ ತಿಳಿಸುವುದು ಕಡ್ಡಾಯ. ಅಂದರೆ ನಿಮ್ಮ ಅಣ್ಣ ಕೇಳಿದ ಹತ್ತು ದಿನದಲ್ಲಿ ಮೊದಲ ಮೂರು ದಿನ ಮಾತ್ರ ಸದ್ದಿಲ್ಲದೆ ಕಳೆಯುತ್ತಿದ್ದವು. ಅಮೆರಿಕದಲ್ಲಿ ಆಯುಧ ಹೊಂದಲು ನಿಷೇಧವಿರುವ ವ್ಯಕ್ತಿ ಎಂದು ತಿಳಿದಿದ್ದರೆ, ಅಥವಾ ಹಾಗೆ ನಂಬಲು ಸಕಾರಣವಿದ್ದರೆ, ಅಂಥವರಿಗೆ ಕೊಡುವುದು ಒಕ್ಕೂಟದ ಕಾನೂನಿನಂತೆ ಅಪರಾಧ. ಬೇರೆ ರಾಜ್ಯದ ನಿವಾಸಿಗೆ ಎರವಲು ಕೊಡುವುದಾದರೆ ಅದು ಕ್ರೀಡೆಯಂಥ ಕಾನೂನುಬದ್ಧ ಉದ್ದೇಶದ ತಾತ್ಕಾಲಿಕ ಬಳಕೆಗೆ ಮಾತ್ರ. ಅದರ ಮೇಲೆ ಪ್ರತಿ ರಾಜ್ಯದ ನಿಯಮಗಳು ಬೇರೆಬೇರೆ, ಕೆಲವೆಡೆ ಎರವಲಿಗೂ ಹಿನ್ನೆಲೆಯ ತಪಾಸಣೆ ಬೇಕಾಗುತ್ತದೆ.

ಇವೆಲ್ಲ ದಂಡನೆಯ ಕಾನೂನುಗಳಾದವು. ಅದಕ್ಕೆ ಹೊರತಾಗಿ, ಅಪಾಯದ ವಸ್ತುವನ್ನು ಯೋಚಿಸದೆ ಪರರ ಕೈಗೆ ವಹಿಸಿದವನು ಅದರಿಂದಾದ ಹಾನಿಗೆ ಪರಿಹಾರ ಕೊಡಬೇಕಾಗಬಹುದು ಎಂಬ ತತ್ವವೂ ಹಲವು ದೇಶಗಳ ನ್ಯಾಯಾಲಯಗಳಲ್ಲಿದೆ. ದಯವಿಟ್ಟು ನಿಮಗೆ ಪರವಾನಗಿ ಕೊಟ್ಟ ಕಚೇರಿಯನ್ನೇ ಲಿಖಿತವಾಗಿ ಕೇಳಿ. ಇಲ್ಲಿ ಓದಿದ್ದನ್ನು ನಂಬಿ, ನನ್ನದನ್ನೂ ಸೇರಿಸಿ, ಬಂದೂಕನ್ನು ಮನೆಯಿಂದ ಹೊರಗೆ ಕಳಿಸಬೇಡಿ.

ಉತ್ತರ: ಹಳೆಯ ಗುರಿಕಾರ

ಕಾನೂನಿನ ಮಾತು ಮೇಲೆ ಬಂದಿದೆ. ಕಾನೂನು ಒಪ್ಪಿದರೂ ನಾನು ಏಕೆ ಕೊಡುವುದಿಲ್ಲ ಎಂಬುದನ್ನು ಹೇಳುತ್ತೇನೆ.

ಬಹಳ ವರ್ಷಗಳ ಹಿಂದೆ, ಎರವಲು ಕೊಡಲು ಅಡ್ಡಿಯಿಲ್ಲದ ಕಡೆ ನಾನಿದ್ದಾಗ, ನನ್ನ .22 ಸೆಮಿ ಆಟೊಮ್ಯಾಟಿಕ್ ರೈಫಲ್ಲನ್ನು ಗೆಳೆಯನೊಬ್ಬನಿಗೆ ಒಂದು ವಾರಕ್ಕೆ ಕೊಟ್ಟಿದ್ದೆ. ಹೇಳಿದ ದಿನಕ್ಕೆ ಸರಿಯಾಗಿ ತಂದುಕೊಟ್ಟ, ನಳಿಗೆಯ ಹೊರಮೈಯನ್ನು ಒರೆಸಿ ತಂದಿದ್ದ, ತೋಟಾ ತುಂಬುವ ಮ್ಯಾಗಜೀನನ್ನು ಬಿಚ್ಚಿ ಬೇರೆ ಚೀಲದಲ್ಲಿ ಇಟ್ಟಿದ್ದ. "ಖಾಲಿ ಮಾಡಿದ್ದೇನೆ" ಎಂದು ಬಾಯಿಬಿಟ್ಟು ಹೇಳಿಯೂ ಇದ್ದ. ಮೇಜಿನ ಮೇಲಿಟ್ಟು ಚಹಾ ಕುಡಿದೆವು. ಅವನು ಹೋದ ಮೇಲೆ ಅಭ್ಯಾಸಬಲದಿಂದ ಬೋಲ್ಟನ್ನು ಹಿಂದೆಳೆದೆ. ಹಿತ್ತಾಳೆಯ ತೋಟಾ ಒಂದು ಹೊರಗೆ ಹಾರಿ, ಮೇಜಿನಿಂದ ಉರುಳಿ, ನೆಲದ ಮೇಲೆ ಟಣ್ ಎಂದಿತು. ಮ್ಯಾಗಜೀನ್ ತೆಗೆದರೆ ನಳಿಗೆಯ ಹಿಂಬದಿಯ ಕೋಣೆಗೆ ಆಗಲೇ ಏರಿರುವ ತೋಟಾ ಅಲ್ಲೇ ಉಳಿಯುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ, ಏಕೆಂದರೆ ಅವನು ಅಲ್ಲಿಯವರೆಗೆ ಬಳಸಿದ್ದೆಲ್ಲ ಮಡಚಿ ತೆರೆದೊಡನೆ ಎರಡು ನಳಿಗೆಯೂ ಕಣ್ಣಿಗೆ ಕಾಣುವ ಬಂದೂಕುಗಳನ್ನು. ನಾವು ಚಹಾ ಕುಡಿಯುವಷ್ಟು ಹೊತ್ತೂ ಅದರ ಬಾಯಿ ನನ್ನ ಹೆಂಡತಿ ಕುಳಿತಿದ್ದ ಕುರ್ಚಿಯ ಕಡೆಗಿತ್ತು. ಎಲ್ಲ ಬಂದೂಕುಗಳೂ ಸದಾ ತುಂಬಿಯೇ ಇವೆ ಎಂದು ತಿಳಿ ಎಂಬುದು ಅಮೆರಿಕದ ಬಂದೂಕು ತರಬೇತುದಾರ ಜೆಫ್ ಕೂಪರ್ ಹೇಳಿಕೊಟ್ಟ ನಾಲ್ಕು ನಿಯಮಗಳಲ್ಲಿ ಮೊದಲನೆಯದು. ಅದನ್ನು ನಾನು ಬಾಯಿಪಾಠವಾಗಿ ಬಲ್ಲವನಾಗಿದ್ದೆ, ಆದರೂ ಚಹಾ ಮುಗಿಯುವವರೆಗೆ ಕಾದೆ.

ಗೆಳೆಯ ಬೇಜವಾಬ್ದಾರಿಯವನಲ್ಲ. ಅವನಿಗೆ ತನ್ನ ಬಂದೂಕು ಗೊತ್ತಿತ್ತು, ನನ್ನದು ಗೊತ್ತಿರಲಿಲ್ಲ, ಅಷ್ಟೆ. ಪಳಗಿದ ಕೈ ಒಂದು ಯಂತ್ರಕ್ಕೆ ಪಳಗಿರುತ್ತದೆ, ಇನ್ನೊಂದನ್ನು ಹಿಡಿದಾಗಲೂ ಮೊದಲಿನದರ ಚಾಳಿಯಲ್ಲೇ ಕೆಲಸ ಮಾಡುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಗಾಬರಿ ಹುಟ್ಟಿಸಿದ್ದು ಒಂದೇ ಸಾಲು: ಅಣ್ಣನದು ಇಪ್ಪತ್ತು ಬೋರು, ನಿಮ್ಮದು ಹನ್ನೆರಡು. ಬೋರಿನ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದು ಎಂಬುದು ನಿಮಗೆ ಗೊತ್ತಿರುತ್ತದೆ. ಇಪ್ಪತ್ತರ ತೋಟಾವನ್ನು ಹನ್ನೆರಡರ ಬಂದೂಕಿಗೆ ಹಾಕಿದರೆ ಅದು ಹಿಂದೆ ನಿಲ್ಲದೆ ಒಳಗೆ ಜಾರಿ, ನಳಿಗೆ ಕಿರಿದಾಗುವಲ್ಲಿ ಸಿಕ್ಕಿಕೊಳ್ಳುತ್ತದೆ. ಕುದುರೆ ಒತ್ತಿದರೆ ಏನೂ ಆಗುವುದಿಲ್ಲ. ತೆರೆದು ನೋಡಿದವನಿಗೆ ಕೋಣೆ ಖಾಲಿ ಕಾಣುತ್ತದೆ, ತೋಟಾ ಹಾಕಲು ಮರೆತೆನೆಂದು ಹನ್ನೆರಡರದೊಂದನ್ನು ಹಾಕುತ್ತಾನೆ. ಆಮೇಲೆ ಒತ್ತಿದಾಗ ನಳಿಗೆ ಸೀಳುವುದು ಮುಂದಿನ ಕೈ ಇರುವ ಜಾಗದಲ್ಲಿ. ಇಪ್ಪತ್ತು ಬೋರಿನ ತೋಟಾಗಳನ್ನು ಹಳದಿ ಬಣ್ಣದಲ್ಲಿ ಮಾಡುವ ರೂಢಿ ಇದೇ ಕಾರಣಕ್ಕೆ ಇದೆ. ವರ್ಷಗಟ್ಟಲೆ ಇಪ್ಪತ್ತರ ತೋಟಾ ತುಂಬಿಸಿದ ಅಂಗಿಯ ಜೇಬಿನಲ್ಲಿ ಒಂದಾದರೂ ಮೂಲೆ ಸೇರಿರುತ್ತದೆ.

ಇನ್ನೊಂದು ಸಂಗತಿ. ನಿಮ್ಮದು ಹಳೆಯ ಬಂದೂಕು ಎಂದಿದ್ದೀರಿ. ನಳಿಗೆಗಳನ್ನು ಬಿಚ್ಚಿ ಅವುಗಳ ಹಿಂತುದಿಯ ಕೆಳಮೈಯಲ್ಲಿ ಒತ್ತಿರುವ ಗುರುತುಗಳನ್ನು ನೋಡಿ. ತೋಟಾ ಕೂರುವ ಕೋಣೆಯ ಉದ್ದ 65 ಮಿಲಿಮೀಟರೋ 70 ಮಿಲಿಮೀಟರೋ ಎಂದು ಅಲ್ಲಿರಬಹುದು. ಈಗಿನ ಸ್ಪರ್ಧೆಗಳಲ್ಲಿ ಬಳಸುವುದು ಸಾಮಾನ್ಯವಾಗಿ 70ರದ್ದು. ಅದು 65ರ ಕೋಣೆಯಲ್ಲಿ ಕೂರುವುದೇ ಇಲ್ಲ ಎಂದುಕೊಂಡೀರಿ, ಸಲೀಸಾಗಿ ಕೂರುತ್ತದೆ. ತೋಟಾದ ಮೇಲೆ ಬರೆದ ಅಳತೆ ಸಿಡಿದು ಬಾಯಿ ಬಿಚ್ಚಿಕೊಂಡ ಮೇಲಿನದು, ಮಡಿಕೆ ಬಿಚ್ಚದ ಹೊಸ ತೋಟಾ ಅದಕ್ಕಿಂತ ಗಿಡ್ಡ. ಸಿಡಿದಾಗ ಬಿಚ್ಚಿಕೊಳ್ಳಲು ಜಾಗ ಸಾಲದೆ ಒಳಗಿನ ಒತ್ತಡ ಏರುತ್ತದೆ. ಇದನ್ನು ತಿಳಿಯದ ಮಾಲೀಕನಿಗೆ ಎರವಲು ಕೊಡುವ ಯೋಗ್ಯತೆ ಇನ್ನೂ ಬಂದಿಲ್ಲ ಎಂದು ನಾನು ಹೇಳುವುದಿದೆ; ಬೇಸರಿಸಬೇಡಿ.

ಉತ್ತರ: ಜೊತೆಗಾರ

ಎಲ್ಲರೂ ಬೇಡ ಎನ್ನುತ್ತಿರುವಲ್ಲಿ ನನ್ನದು ಸ್ವಲ್ಪ ಬೇರೆ ದನಿ. ಕಾನೂನು ಅವಕಾಶ ಕೊಡುವ ಕಡೆ ನನ್ನ ಬಂದೂಕಿನಿಂದ ನನ್ನ ತಂಗಿ, ಅವಳ ಗಂಡ, ಇಬ್ಬರು ಗೆಳೆಯರು ಗುರಿ ಅಭ್ಯಾಸ ಮಾಡಿದ್ದಾರೆ. ಆದರೆ ಅಭ್ಯಾಸದ ಮೈದಾನಕ್ಕೆ ನಾನೇ ತಂದಿರುತ್ತೇನೆ, ತೋಟಾ ನಾನೇ ಎಣಿಸಿ ಕೊಡುತ್ತೇನೆ, ಸಂಜೆ ನಾನೇ ತೆಗೆದುಕೊಂಡು ಹೋಗುತ್ತೇನೆ. ಕಣ್ಣೆದುರಿನಲ್ಲಿ ಬಳಸಲು ಕೊಡುವುದು ಒಂದು, ಮನೆಗೆ ಕಳಿಸಿಕೊಡುವುದು ಇನ್ನೊಂದು. ಎರಡನ್ನೂ ಎರವಲು ಎಂಬ ಒಂದೇ ಮಾತಿನಿಂದ ಕರೆಯುವುದರಿಂದ ಗೊಂದಲವಾಗುತ್ತದೆ.

ಮನೆಗೆ ಕಳಿಸಿದಾಗ ನೀವು ನಂಬುತ್ತಿರುವುದು ಅಣ್ಣನೊಬ್ಬನನ್ನಲ್ಲ. ಅವನ ಮನೆಯ ಕಪಾಟಿನ ಬೀಗವನ್ನು, ಅದರ ಕೀಲಿ ಎಲ್ಲಿ ತೂಗುತ್ತದೆ ಎಂದು ಬಲ್ಲ ಮಕ್ಕಳನ್ನು, ಆ ಹತ್ತು ದಿನದಲ್ಲಿ ಬಂದುಹೋಗುವ ನೆಂಟರನ್ನು, ಎಲ್ಲರನ್ನೂ ನಂಬಬೇಕಾಗುತ್ತದೆ. ಅಲ್ಲದೆ ಮನುಷ್ಯನ ಮನಸ್ಸು ಹತ್ತು ದಿನವೂ ಒಂದೇ ಸಮ ಇರುತ್ತದೆ ಎಂದು ಹೇಳಲು ಬರುವುದಿಲ್ಲ. ನನ್ನ ಗೆಳೆಯರಲ್ಲಿ ಒಬ್ಬ ಸಂಸಾರ ಮುರಿದು ಕಂಗೆಟ್ಟಿದ್ದ ಕಾಲದಲ್ಲಿ ರೈಫಲ್ ಕೇಳಿದ್ದ, ಕಾರಣ ಅಭ್ಯಾಸ ಎಂದಿದ್ದ. ನಾನು ಕೊಡಲಿಲ್ಲ, ಬದಲಿಗೆ ಅವನ ಜೊತೆ ಎರಡು ದಿನ ಇದ್ದೆ. ಆಗ ಅವನ ಮನಸ್ಸಿನಲ್ಲಿ ಏನಿತ್ತೆಂದು ನಾನು ಕೇಳಿಲ್ಲ, ಅವನೂ ಹೇಳಿಲ್ಲ. ಕಷ್ಟಕಾಲದಲ್ಲಿರುವವರು ಕೇಳಿದರೆ ಕಾನೂನು, ಪರವಾನಗಿ ಎಂದು ಯಾವ ಲೆಕ್ಕವನ್ನೂ ಹಾಕಬೇಡಿ, ಕೊಡಲೇಬೇಡಿ. ಅವರ ಬಳಿ ಕುಳಿತು ನೇರವಾಗಿ ಕೇಳಿ, ನಾನು ಕೇಳದೆ ಬಿಟ್ಟಂತೆ ಬಿಡಬೇಡಿ.

ನಿಮ್ಮ ಅಣ್ಣನ ವಿಷಯ ಅಂಥದ್ದಲ್ಲ ಎಂದು ತೋರುತ್ತದೆ. ಅವನಿಗೆ ಹೇಳಬೇಕಾದ ಮಾತು ಸುಲಭ: "ಬಂದೂಕು ನನ್ನ ಜೊತೆಗೇ ಬರುತ್ತದೆ, ನಾನು ಬರುವ ದಿನ ಬಳಸು." ಅವನು ಕೇಳಿದ್ದು ಸ್ಪರ್ಧೆಗಾಗಿಯೇ ಆಗಿದ್ದರೆ ಇದು ಅವನಿಗೆ ಸಾಕು. ಸಾಲದು ಎಂದರೆ ಏಕೆ ಸಾಲದು ಎಂದು ಕೇಳುವ ಹಕ್ಕು ನಿಮಗೆ ಬರುತ್ತದೆ.

ಉತ್ತರ: ಕಲಮು ಮತ್ತು ಕಾಗದ

ಮೇಲಿನವರ ಸಲಹೆಗೆ ಒಂದೇ ತಿದ್ದುಪಡಿ: ಮಾಲೀಕ ಪಕ್ಕದಲ್ಲಿದ್ದರೆ ಎಲ್ಲ ಕಡೆಯೂ ಸರಿ ಎಂದು ತಿಳಿಯಬಾರದು. ಮೊದಲು ಕಚೇರಿಯ ಉತ್ತರ, ಆಮೇಲೆ ಮೈದಾನ.

ಪ್ರಶ್ನೆ ಕೇಳಿದವರು: ಕಪಾಟಿನ ಕೀಲಿಕೈ

ಎಲ್ಲರಿಗೂ ಧನ್ಯವಾದ. ನಾಲ್ಕು ದಿನ ತಡವಾಗಿ ಬರೆಯುತ್ತಿದ್ದೇನೆ.

ಅಣ್ಣನಿಗೆ ಫೋನು ಮಾಡಿ, ಬಂದೂಕನ್ನು ಕಳಿಸಿಕೊಡಲಾರೆ, ಕಚೇರಿ ಒಪ್ಪಿದರೆ ನಾನೇ ತಂದು ಜೊತೆಯಲ್ಲಿರುತ್ತೇನೆ ಎಂದೆ. "ನನ್ನ ಮೇಲೆ ಅಷ್ಟೂ ನಂಬಿಕೆಯಿಲ್ಲವೇನೋ?" ಎಂದ. ಈ ಮಾತು ಬಂದೇ ಬರುತ್ತದೆಂದು ಗೊತ್ತಿದ್ದೂ ಉತ್ತರ ಸಿದ್ಧವಿರಲಿಲ್ಲ. ತೋಚಿದ್ದನ್ನು ಕೇಳಿಬಿಟ್ಟೆ: "ನಾನು ಕೇಳಿದ್ದರೆ ನಿನ್ನದನ್ನು ಕೊಡುತ್ತಿದ್ದೆಯಾ ಅಣ್ಣ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನದು ಹೊಸದಲ್ಲವೇನೋ" ಎಂದ. ಆಮೇಲೆ ಅವನೇ ನಕ್ಕ. ಅತ್ತಿಗೆಯ ದನಿಯಲ್ಲಿ ಮಾತ್ರ ಇನ್ನೂ ಬಿಗುವಿದೆ.

ಕಚೇರಿಗೆ ಪತ್ರ ಕೊಟ್ಟಿದ್ದೇನೆ, ಉತ್ತರ ಬಂದಿಲ್ಲ. ಬರುವ ಅಗತ್ಯವೂ ಈಗ ಇಲ್ಲದಂತಾಗಿದೆ. ಹಳೆಯ ಗುರಿಕಾರರು ಹೇಳಿದಂತೆ ನಿನ್ನೆ ರಾತ್ರಿ ನಳಿಗೆಗಳನ್ನು ಬಿಚ್ಚಿ ದೀಪದ ಕೆಳಗೆ ಹಿಡಿದು ನೋಡಿದೆ. ಎಣ್ಣೆಯ ಕರಿಯನ್ನು ಉಗುರಿನಿಂದ ಕೆರೆದ ಮೇಲೆ ಎರಡೂ ನಳಿಗೆಯ ಅಡಿಯಲ್ಲಿ 65 ಎಂಬ ಅಂಕಿ ಕಾಣಿಸಿತು. ಅಪ್ಪನ ಕಪಾಟಿನ ಮೂಲೆಯಲ್ಲಿದ್ದ ಹಳೆಯ ತೋಟಾಗಳ ಡಬ್ಬಿಯ ಮೇಲೂ 65 ಎಂದೇ ಇದೆ. ಅಣ್ಣ ಸ್ಪರ್ಧೆಗೆಂದು ಆಗಲೇ ಖರೀದಿಸಿಟ್ಟಿದ್ದ ಹನ್ನೆರಡು ಬೋರಿನ ಎರಡು ಡಬ್ಬಿಗಳ ಚಿತ್ರ ಕಳಿಸು ಎಂದೆ, ಎರಡೂ 70. ಅಳತೆಯನ್ನು ಅವನೂ ನೋಡಿರಲಿಲ್ಲ, ಇಷ್ಟು ವರ್ಷ ಒರೆಸಿ ಇಡುತ್ತಿದ್ದ ನಾನೂ ನೋಡಿರಲಿಲ್ಲ. ಬಂದೂಕನ್ನು ಮುಂದಿನ ವಾರ ದುರಸ್ತಿಗಾರರಿಗೆ ತೋರಿಸಲು ಒಯ್ಯುತ್ತಿದ್ದೇನೆ. ಅಣ್ಣ ತಾನೂ ಬರುತ್ತೇನೆಂದಿದ್ದಾನೆ.